ಅಮೆರಿಕದ ರಾಜಕೀಯದಲ್ಲಿ ಕ್ರೈಸ್ತ ಧರ್ಮ: ಸೆಮಿನಾರ್‌ಗೆ ತಯಾರಾಗುವುದು ಹೇಗೆ

ತುಲನಾತ್ಮಕ ರಾಜಕೀಯದ ಸೆಮಿನಾರ್ ವಿಷಯ ಹಂಚುವಾಗ ‘ಅಮೆರಿಕದಲ್ಲಿ ಧರ್ಮ ಮತ್ತು ರಾಜಕೀಯ’ ಯಾರಾದರೊಬ್ಬರ ಪಾಲಿಗೆ ಬಂದೇ ಬರುತ್ತದೆ. ಮಾನಸಗಂಗೋತ್ರಿಯ ಎಂ.ಎ. ವಿದ್ಯಾರ್ಥಿಗಾಗಲಿ, ಮಂಡ್ಯದಲ್ಲಿ ಕೂತು ಕೆಎಎಸ್‌ಗೋ ಕೆ-ಸೆಟ್‌ಗೋ ಓದುತ್ತಿರುವವರಿಗಾಗಲಿ ಮೊದಲ ನೋಟಕ್ಕೆ ಇದು ಸಲೀಸು ಅನ್ನಿಸುತ್ತದೆ. ಟ್ರಂಪ್ ಚರ್ಚ್ ಮುಂದೆ ಬೈಬಲ್ ಹಿಡಿದು ನಿಂತ ಫೋಟೊ ಎಲ್ಲರೂ ನೋಡಿದ್ದಾರೆ, ಡಾಲರ್ ನೋಟಿನ ಮೇಲೆ ದೇವರ ಹೆಸರಿದೆ ಎಂಬುದೂ ಗೊತ್ತು. ಬರೆಯಲು ಕೂತಾಗ ಮಾತ್ರ ಎರಡು ಪುಟಕ್ಕೇ ಸರಕು ಮುಗಿಯುತ್ತದೆ. ಉಳಿದದ್ದು ‘ಅಮೆರಿಕ ಹೆಸರಿಗಷ್ಟೇ ಸೆಕ್ಯುಲರ್’ ಎಂಬ ಒಂದು ಸಾಲಿನ ಸುತ್ತ ಗಿರಕಿ ಹೊಡೆಯುತ್ತದೆ. ವೈವಾದಲ್ಲಿ ಅಂಕ ಹೋಗುವುದೂ ಅಲ್ಲಿಯೇ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಧರ್ಮದ ವಿಷಯದಲ್ಲಿ ಸರ್ಕಾರ ಏನು ಮಾಡಬಹುದು, ಏನು ಮಾಡಕೂಡದು ಎಂಬುದು ಒಂದು. ಮತದಾರರು, ಪಾದ್ರಿಗಳು, ಪಕ್ಷಗಳು ತಮ್ಮ ನಂಬಿಕೆಯನ್ನು ರಾಜಕೀಯಕ್ಕೆ ಹೇಗೆ ತರುತ್ತಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಅಲ್ಲಿ ಸಂವಿಧಾನದ ಬೇಲಿ ಇದೆ. ಎರಡನೆಯದಕ್ಕೆ ಹೆಚ್ಚುಕಡಿಮೆ ಯಾವ ಬೇಲಿಯೂ ಇಲ್ಲ. ಸರ್ಕಾರದ ಆಸರೆ ಸಿಗದ ಚರ್ಚ್‌ಗಳು ತಮ್ಮ ಜನರನ್ನು ತಾವೇ ಕಟ್ಟಿಕೊಳ್ಳಬೇಕಾಯಿತು. ಹಾಗೆ ಕಟ್ಟಿದ ಜನಬಲವೇ ಮುಂದೆ ಚುನಾವಣೆಯಲ್ಲಿ ಕೆಲಸಕ್ಕೆ ಬಂತು. ಇದಿಷ್ಟು ತಲೆಯಲ್ಲಿದ್ದರೆ ಸೆಮಿನಾರ್ ಅರ್ಧ ಮುಗಿದ ಹಾಗೆ.

ಮೊದಲ ದಿನ ಮಾಡಬೇಕಾದ್ದು

ಒಂದು ಲಾಂಗ್ ನೋಟ್‌ಬುಕ್ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ಸರ್ಕಾರ’, ಬಲಕ್ಕೆ ‘ಸಮಾಜ’. ಸಿಕ್ಕ ಪ್ರತಿ ಸಂಗತಿಯನ್ನೂ ಎರಡರಲ್ಲಿ ಒಂದು ಕಡೆ ಹಾಕಿ, ಪಕ್ಕದಲ್ಲಿ ವರ್ಷ ಬರೆಯಿರಿ. ಶಾಲೆಯಲ್ಲಿ ಶಿಕ್ಷಕರು ಪ್ರಾರ್ಥನೆ ಹೇಳಿಸುವುದು ಎಡಕ್ಕೆ. ಅಭ್ಯರ್ಥಿ ಭಾನುವಾರ ಚರ್ಚ್‌ಗೆ ಹೋಗಿ ಮತ ಕೇಳುವುದು ಬಲಕ್ಕೆ. ಕೆಲವು ಎರಡೂ ಕಡೆ ಬೀಳುತ್ತವೆ. ಜಾರ್ಜಿಯಾದ ಸೆನೆಟರ್ ರಾಫೆಲ್ ವಾರ್ನಾಕ್ ಅಟ್ಲಾಂಟಾದ ಎಬೆನೀಜರ್ ಬ್ಯಾಪ್ಟಿಸ್ಟ್ ಚರ್ಚ್‌ನ ಹಿರಿಯ ಪಾದ್ರಿಯೂ ಹೌದು. 2025ರ ಫೆಬ್ರವರಿಯಲ್ಲಿ ಟ್ರಂಪ್ ಶ್ವೇತಭವನದಲ್ಲೇ ಒಂದು ‘ಫೇತ್ ಆಫೀಸ್’ ತೆರೆದರು. 2001ರಲ್ಲಿ ಜಾರ್ಜ್ ಬುಷ್ ತೆರೆದ ಕಚೇರಿಯ ಮುಂದುವರಿದ ರೂಪ ಅದು. ಇಂಥವನ್ನು ಗೆರೆಯ ಮೇಲೆಯೇ ಬರೆದು ಸುತ್ತು ಹಾಕಿ. ಪರೀಕ್ಷಕರು ಕೆದಕುವುದು ಈ ಸುತ್ತು ಹಾಕಿದವನ್ನೇ.

ವಿಷಯವನ್ನು ಕಿರಿದು ಮಾಡಿಕೊಳ್ಳುವುದೂ ಮೊದಲ ದಿನವೇ ಆಗಬೇಕು. ‘ಅಮೆರಿಕದ ರಾಜಕೀಯದಲ್ಲಿ ಕ್ರೈಸ್ತ ಧರ್ಮದ ಪಾತ್ರ’ ಎಂಬುದು ಪಿಎಚ್.ಡಿ.ಗೂ ಹೆಚ್ಚಾಯಿತು. ಸರ್ಕಾರಿ ಶಾಲೆಯಲ್ಲಿ ಪ್ರಾರ್ಥನೆ, ಚರ್ಚ್ ಶಾಲೆಗಳಿಗೆ ಸರ್ಕಾರಿ ಹಣ, 1979ರ ನಂತರದ ಇವಾಂಜೆಲಿಕಲ್‌ಗಳ (ಬೈಬಲ್ಲೇ ಅಂತಿಮ ಎಂದು ಒತ್ತಿ ಹೇಳುವ ಪ್ರಾಟೆಸ್ಟೆಂಟರು) ವೋಟು, ಕರಿಯರ ಚರ್ಚ್ ಮತ್ತು ನಾಗರಿಕ ಹಕ್ಕು, ಈ ನಾಲ್ಕರಲ್ಲಿ ಒಂದನ್ನು ಹಿಡಿಯಿರಿ. ಮೊದಲ ಸಲ ಮಾಡುವವರಿಗೆ ಶಾಲಾ ಪ್ರಾರ್ಥನೆಯೇ ವಾಸಿ. ಅಲ್ಲಿ ತೀರ್ಪುಗಳ ಸಾಲು ಸ್ಪಷ್ಟವಾಗಿದೆ, ಮಧ್ಯದಲ್ಲಿ ಒಂದು ದೊಡ್ಡ ತಿರುವೂ ಇದೆ.

ನಮ್ಮ ಕನ್ನಡಕ ತೆಗೆದಿಡಬೇಕಾದ ಕಡೆ

ಮಂಡ್ಯ ಜಿಲ್ಲೆಯವರಿಗೆ ಮೇಲುಕೋಟೆಯ ವೈರಮುಡಿ ಗೊತ್ತೇ ಇದೆ. ಚೆಲುವನಾರಾಯಣಸ್ವಾಮಿಯ ಕಿರೀಟ ಇರುವುದು ಸರ್ಕಾರಿ ಖಜಾನೆಯಲ್ಲಿ. ಉತ್ಸವದ ದಿನ ಜಿಲ್ಲಾಡಳಿತವೇ ಅದನ್ನು ಹೊರತೆಗೆದು ಪೊಲೀಸ್ ಕಾವಲಿನಲ್ಲಿ ಬೆಟ್ಟಕ್ಕೆ ಕಳಿಸುತ್ತದೆ. ದೇವಸ್ಥಾನದ ಲೆಕ್ಕಪತ್ರ ಮುಜರಾಯಿ ಇಲಾಖೆಯ ಕೈಯಲ್ಲಿ. ಚಾಮುಂಡಿ ಬೆಟ್ಟ, ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ಆಡಳಿತದಲ್ಲೂ ಸರ್ಕಾರದ ಕೈ ಇದೆ. ಇದರಲ್ಲಿ ನಮಗೆ ವಿಚಿತ್ರವೇನೂ ಕಾಣುವುದಿಲ್ಲ. ಅಮೆರಿಕದಲ್ಲಿ ಒಂದು ಕೌಂಟಿ ಚರ್ಚ್‌ನ ಹುಂಡಿ ಎಣಿಸಲು ಅಧಿಕಾರಿ ಕಳಿಸಿದರೆ ಮರುದಿನವೇ ಕೇಸು ಬೀಳುತ್ತದೆ, ಹಾಕುವವರು ಬಹುಶಃ ಆ ಚರ್ಚ್‌ನವರೇ.

ಇನ್ನೊಂದು ತುದಿಯಿಂದಲೂ ನೋಡಿ. ನಮ್ಮಲ್ಲಿ 1951ರ ಜನಪ್ರತಿನಿಧಿ ಕಾಯ್ದೆಯ 123(3)ನೇ ಕಲಂ ಪ್ರಕಾರ ಧರ್ಮದ ಹೆಸರಿನಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ. 2017ರ ಅಭಿರಾಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4:3ರ ಬಹುಮತದಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು; ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮ ಹಿಡಿದು ಕೇಳಿದರೂ ತಪ್ಪೇ. ಅಮೆರಿಕದಲ್ಲಿ ಇಂಥ ಕಲಂ ಇಲ್ಲ. ‘ನಾನು ಕ್ರೈಸ್ತ, ನನಗೆ ವೋಟು ಕೊಡಿ’ ಎಂದರೆ ಅದು ವಾಕ್ ಸ್ವಾತಂತ್ರ್ಯ. ಅಲ್ಲಿರುವ ತಡೆ ತೆರಿಗೆ ಕಾನೂನಿನದು: 1954ರ ‘ಜಾನ್ಸನ್ ತಿದ್ದುಪಡಿ’ಯಂತೆ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ, ಚರ್ಚ್ ಸೇರಿದಂತೆ, ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡುವಂತಿಲ್ಲ. ಮಾಡಿದರೆ ಜೈಲಿಲ್ಲ, ವಿನಾಯಿತಿಗೆ ಕುತ್ತು. 2025ರ ಜುಲೈನಲ್ಲಿ ಅಲ್ಲಿನ ತೆರಿಗೆ ಇಲಾಖೆ ಇದನ್ನೂ ಸಡಿಲಿಸಿ, ಆರಾಧನೆಯ ವೇಳೆ ಪಾದ್ರಿ ತನ್ನ ಸಭೆಯವರಿಗೆ ಆಡುವ ಮಾತು ಪ್ರಚಾರದ ಲೆಕ್ಕಕ್ಕೆ ಬರುವುದಿಲ್ಲ ಎಂಬ ನಿಲುವನ್ನು ಕೋರ್ಟಿನ ಮುಂದಿಟ್ಟಿತು.

ತುಲನೆಗೆ ತೀರಾ ಹತ್ತಿರದ ಉದಾಹರಣೆ ಬೇಕಿದ್ದರೆ 2025ರ ದಸರಾ ಇದೆ. ಬಾನು ಮುಷ್ತಾಕ್ ಉದ್ಘಾಟಿಸುವುದನ್ನು ಪ್ರಶ್ನಿಸಿ ಅರ್ಜಿಗಳು ಬಂದವು. ಹೈಕೋರ್ಟ್ ವಜಾ ಮಾಡಿತು, ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಇಲ್ಲಿನ ಜಗಳ ಸರ್ಕಾರಿ ಉತ್ಸವದ ಪೂಜೆಯಲ್ಲಿ ಯಾರು ನಿಲ್ಲಬಹುದು ಎಂಬುದರದ್ದು. ಅಮೆರಿಕದ ಕೋರ್ಟ್ ಅದಕ್ಕೂ ಹಿಂದಿನ ಪ್ರಶ್ನೆ ಕೇಳುತ್ತಿತ್ತು: ಸರ್ಕಾರ ಪೂಜೆ ಏರ್ಪಡಿಸಬಹುದೇ? ಈ ಒಂದು ವ್ಯತ್ಯಾಸವನ್ನು ಎರಡು ನಿಮಿಷದಲ್ಲಿ ಬಿಡಿಸಿ ಹೇಳಿದರೆ ಸೆಕ್ಯುಲರಿಸಂ ಸಂವಿಧಾನದ ಮೂಲ ರಚನೆಯ ಭಾಗ ಎಂದ ಬೊಮ್ಮಾಯಿ ತೀರ್ಪಿನ (1994) ಬಗ್ಗೆ ಕಂಠಪಾಠದ ಪ್ಯಾರಾ ಒಪ್ಪಿಸುವುದಕ್ಕಿಂತ ಎಷ್ಟೋ ಮೇಲು.

ಸಂವಿಧಾನದ ಭಾಗ: ಚಿಕ್ಕದು, ಆದರೆ ತಪ್ಪು ಬೀಳುವುದು ಇಲ್ಲೇ

ಎರಡು ಜಾಗಗಳನ್ನು ಮೂಲದಲ್ಲೇ ಓದಿ. ಒಂದು, 1787ರ ಸಂವಿಧಾನದ ಆರನೇ ವಿಧಿಯ ಕೊನೆ: ಸರ್ಕಾರಿ ಹುದ್ದೆಗೆ ಧರ್ಮದ ಅರ್ಹತೆ ಎಂದೂ ಕೇಳಕೂಡದು. ಇನ್ನೊಂದು, 1791ರಲ್ಲಿ ಜಾರಿಯಾದ ಮೊದಲ ತಿದ್ದುಪಡಿಯ ಮೊದಲ ಹದಿನಾರು ಪದಗಳು. ಅದರಲ್ಲಿ ಎರಡು ಭಾಗ. ಧರ್ಮವನ್ನು ಸರ್ಕಾರ ಸ್ಥಾಪಿಸಕೂಡದು ಎನ್ನುವುದು ಎಸ್ಟಾಬ್ಲಿಷ್‌ಮೆಂಟ್ ಕ್ಲಾಸ್. ಧರ್ಮಾಚರಣೆಗೆ ಅಡ್ಡಿ ಮಾಡಕೂಡದು ಎನ್ನುವುದು ಫ್ರೀ ಎಕ್ಸರ್ಸೈಸ್ ಕ್ಲಾಸ್. ಅಮೆರಿಕದಲ್ಲಿ ಧರ್ಮದ ಬಗೆಗಿನ ಬಹುತೇಕ ವ್ಯಾಜ್ಯಗಳು ಈ ಎರಡರ ಎಳೆದಾಟ. ಯಾವ ತೀರ್ಪು ಯಾವ ಕ್ಲಾಸ್ ಮೇಲೆ ನಿಂತಿದೆ ಎಂದು ಪಕ್ಕದಲ್ಲಿ ‘ಎ’ ಅಥವಾ ‘ಫ್ರೀ’ ಎಂದು ಗುರುತು ಹಾಕಿಕೊಳ್ಳಿ.

ಹೆಚ್ಚಿನವರು ಎಡವುವ ಕಡೆ ಹೀಗಿದೆ. ‘1791ರಿಂದ ಅಮೆರಿಕದಲ್ಲಿ ಧರ್ಮ ಮತ್ತು ಪ್ರಭುತ್ವ ಬೇರ್ಪಟ್ಟವು’ ಎಂದು ಬರೆದುಬಿಡುತ್ತಾರೆ. ಆ ತಿದ್ದುಪಡಿ ಕಟ್ಟಿಹಾಕಿದ್ದು ಕೇಂದ್ರದ ಕಾಂಗ್ರೆಸ್ (ಅಲ್ಲಿನ ಸಂಸತ್ತು) ಅನ್ನು ಮಾತ್ರ. ಕನೆಕ್ಟಿಕಟ್ ರಾಜ್ಯದಲ್ಲಿ ಅಧಿಕೃತ ಚರ್ಚ್ 1818ರವರೆಗೆ ಇತ್ತು, ಮ್ಯಾಸಚೂಸೆಟ್ಸ್‌ನಲ್ಲಿ ಚರ್ಚ್ ತೆರಿಗೆಯ ಏರ್ಪಾಡು 1833ರವರೆಗೆ ಉಳಿಯಿತು. ರಾಜ್ಯ ಸರ್ಕಾರಗಳಿಗೂ ಈ ಕಟ್ಟು ತಗುಲಿದ್ದು 1868ರ ಹದಿನಾಲ್ಕನೇ ತಿದ್ದುಪಡಿಯ ಮೂಲಕ, ಅದೂ ಕೋರ್ಟುಗಳು ಹಾಗೆ ಓದಿದ ಮೇಲೆ: ಫ್ರೀ ಎಕ್ಸರ್ಸೈಸ್ 1940ರಲ್ಲಿ (ಕ್ಯಾಂಟ್‌ವೆಲ್), ಎಸ್ಟಾಬ್ಲಿಷ್‌ಮೆಂಟ್ 1947ರಲ್ಲಿ (ಎವರ್ಸನ್). ಸರ್ಕಾರಿ ಶಾಲೆಗಳು ರಾಜ್ಯ ಮತ್ತು ಸ್ಥಳೀಯ ಆಡಳಿತದ ಕೈಯಲ್ಲಿರುವುದರಿಂದ ಶಾಲಾ ಪ್ರಾರ್ಥನೆಯ ದೊಡ್ಡ ತೀರ್ಪುಗಳೆಲ್ಲ 1947ರ ನಂತರವೇ ಇರುವುದು ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

‘ಬೇರ್ಪಡಿಸುವ ಗೋಡೆ’ ಎಂಬ ಮಾತು ಸಂವಿಧಾನದಲ್ಲಿಲ್ಲ. ಅಧ್ಯಕ್ಷ ಜೆಫರ್ಸನ್ 1802ರ ಜನವರಿ 1ರಂದು ಕನೆಕ್ಟಿಕಟ್‌ನ ಡ್ಯಾನ್‌ಬರಿ ಬ್ಯಾಪ್ಟಿಸ್ಟರಿಗೆ ಬರೆದ ಪತ್ರದಲ್ಲಿ ಬರುತ್ತದೆ. ಆ ಬ್ಯಾಪ್ಟಿಸ್ಟರು ದೈವಭಕ್ತರು, ಆದರೆ ಇನ್ನೊಂದು ಪಂಗಡದ ಅಧಿಕೃತ ಚರ್ಚ್ ಇದ್ದ ರಾಜ್ಯದಲ್ಲಿ ಅಲ್ಪಸಂಖ್ಯಾತರು. ಗೋಡೆಗಾಗಿ ಕೇಳಿದವರಲ್ಲಿ ನಾಸ್ತಿಕರಿಗಿಂತ ಇಂಥ ಭಕ್ತರೇ ಮುಂದಿದ್ದರು ಎಂಬುದನ್ನು ಬಿಟ್ಟರೆ ಇಡೀ ಚಿತ್ರ ವಾರೆಯಾಗುತ್ತದೆ.

ತೀರ್ಪು ಓದುವ ಬಗೆ

ಅಮೆರಿಕದ ಸುಪ್ರೀಂ ಕೋರ್ಟಿನ ಜಾಲತಾಣದಲ್ಲಿ ಇತ್ತೀಚಿನ ತೀರ್ಪುಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಗೈಡ್ ಪುಸ್ತಕದ ಸಾರಾಂಶ ನೆಚ್ಚಿಕೊಳ್ಳಬೇಡಿ. ಮೊದಲ ಕೆಲವು ಪುಟ ‘ಸಿಲಬಸ್’. ಇದು ಕೋರ್ಟಿನ ‘ರಿಪೋರ್ಟರ್ ಆಫ್ ಡಿಸಿಷನ್ಸ್’ ಎಂಬ ಅಧಿಕಾರಿ ಬರೆದ ಸಾರ, ತೀರ್ಪಿನ ಭಾಗವಲ್ಲ. ಅರ್ಥ ಮಾಡಿಕೊಳ್ಳಲು ಓದಿ, ಉಲ್ಲೇಖಿಸಬೇಡಿ. ಆಮೇಲೆ ಬಹುಮತದ ತೀರ್ಪು, ಸಹಮತದವು, ಕೊನೆಗೆ ಭಿನ್ನಮತ. ಬಿಡಿ ತೀರ್ಪಿನ ಪಿಡಿಎಫ್‌ನಲ್ಲಿ ಪ್ರತಿಯೊಂದಕ್ಕೂ ಪುಟಸಂಖ್ಯೆ ಮತ್ತೆ ಒಂದರಿಂದ ಶುರುವಾಗುತ್ತದೆ. ‘ಪುಟ 5’ ಎಂದಷ್ಟೇ ಗುರುತು ಮಾಡಿಕೊಂಡರೆ ಆಮೇಲೆ ಭಿನ್ನಮತದ ಸಾಲನ್ನು ಕೋರ್ಟಿನ ತೀರ್ಮಾನವೆಂದು ಬರೆದು ಸಿಕ್ಕಿಬೀಳುತ್ತೀರಿ. ಬರೆದ ನ್ಯಾಯಮೂರ್ತಿಯ ಹೆಸರು ಸೇರಿಸಿಯೇ ಪುಟ ಬರೆದುಕೊಳ್ಳಿ.

ಶಾಲಾ ಪ್ರಾರ್ಥನೆಗೆ ಇಷ್ಟು ತೀರ್ಪು ಸಾಕು. 1962ರ ಎಂಗೆಲ್ ವರ್ಸಸ್ ವಿಟಾಲೆ: ನ್ಯೂಯಾರ್ಕ್ ರಾಜ್ಯದ ಅಧಿಕಾರಿಗಳು ಬರೆದುಕೊಟ್ಟ ಪ್ರಾರ್ಥನೆಯನ್ನು ಸರ್ಕಾರಿ ಶಾಲೆಯಲ್ಲಿ ಹೇಳಿಸುವುದು ತಪ್ಪು, ಇಷ್ಟವಿಲ್ಲದ ಮಗು ಸುಮ್ಮನಿರಬಹುದು ಎಂದಿದ್ದರೂ ತಪ್ಪು. 1963ರ ಅಬಿಂಗ್ಟನ್ ವರ್ಸಸ್ ಶೆಂಪ್: ದಿನವೂ ಬೈಬಲ್ ಪಠಣ ಸಲ್ಲದು, ಆದರೆ ಬೈಬಲನ್ನು ಸಾಹಿತ್ಯವಾಗಿ, ಇತಿಹಾಸವಾಗಿ ಪಾಠ ಮಾಡಬಹುದು. 1971ರ ಲೆಮನ್ ವರ್ಸಸ್ ಕರ್ಟ್ಸ್‌ಮನ್: ಮೂರು ಪ್ರಶ್ನೆಯ ಪರೀಕ್ಷೆ; ಉದ್ದೇಶ ಲೌಕಿಕವೇ, ಮುಖ್ಯ ಪರಿಣಾಮ ಧರ್ಮವನ್ನು ಬೆಳೆಸುವುದೋ ತುಳಿಯುವುದೋ ಆಗಿದೆಯೇ, ಸರ್ಕಾರ ಧರ್ಮದೊಂದಿಗೆ ಅತಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆಯೇ. 1992ರ ಲೀ ವರ್ಸಸ್ ವೈಸ್‌ಮನ್: ಪದವಿ ಸಮಾರಂಭಕ್ಕೆ ಶಾಲೆಯೇ ಕರೆಸಿದ ಧರ್ಮಗುರುವಿನ ಪ್ರಾರ್ಥನೆಯೂ ಸಲ್ಲದು. ಆಮೇಲೆ 2022ರ ತಿರುವು, ಕೆನಡಿ ವರ್ಸಸ್ ಬ್ರೆಮರ್ಟನ್.

ಈ ಕೊನೆಯದಕ್ಕೆ ಅರ್ಧ ದಿನ ಮೀಸಲಿಡಿ. ವಾಷಿಂಗ್ಟನ್ ರಾಜ್ಯದ ಒಂದು ಹೈಸ್ಕೂಲಿನ ಫುಟ್‌ಬಾಲ್ ಸಹಾಯಕ ಕೋಚ್ ಪಂದ್ಯ ಮುಗಿದ ಮೇಲೆ ಮೈದಾನದ ನಡುಗೆರೆಯಲ್ಲಿ ಮಂಡಿಯೂರಿ ಪ್ರಾರ್ಥಿಸುತ್ತಿದ್ದರು. ಶಾಲಾ ಆಡಳಿತ ರಜೆಯ ಮೇಲೆ ಕಳಿಸಿತು. ಕೋರ್ಟ್ 6:3ರಲ್ಲಿ ಕೋಚ್ ಪರ ನಿಂತಿತು. ಬಹುಮತ ಬರೆದ ಗಾರ್ಸಚ್ ಪ್ರಕಾರ ಅದು ಸದ್ದಿಲ್ಲದ ಸ್ವಂತ ಪ್ರಾರ್ಥನೆ. ಭಿನ್ನಮತ ಬರೆದ ಸೋಟೊಮೇಯರ್ ತಮ್ಮ ಬರಹದೊಳಗೇ ಫೋಟೊಗಳನ್ನು ಅಂಟಿಸಿದರು: ಕೋಚ್ ಸುತ್ತ ಆಟಗಾರ ಹುಡುಗರು ಗುಂಪಾಗಿ ಮಂಡಿಯೂರಿದ್ದಾರೆ. ಘಟನೆ ಒಂದೇ, ಯಾವ ದಿನದ ಪ್ರಾರ್ಥನೆ ಲೆಕ್ಕಕ್ಕೆ ಎಂಬಲ್ಲೇ ಇಬ್ಬರೂ ಬೇರೆ. ಲೆಮನ್ ಪರೀಕ್ಷೆಯನ್ನು ಕೋರ್ಟ್ ಎಂದೋ ಕೈಬಿಟ್ಟಿದೆ, ಇನ್ನು ಐತಿಹಾಸಿಕ ರೂಢಿ ನೋಡಿ ತೀರ್ಮಾನಿಸಬೇಕು ಎಂದು ಬಹುಮತ ಹೇಳಿತು. 2022ರ ಮೊದಲು ಅಚ್ಚಾದ ಪಠ್ಯಪುಸ್ತಕ ಹಿಡಿದು ಲೆಮನ್ ಪರೀಕ್ಷೆ ಈಗಲೂ ಜಾರಿಯಲ್ಲಿದೆ ಎಂದು ಬರೆಯುವುದು ಈ ವಿಷಯದ ಅತಿ ಸಾಮಾನ್ಯ ತಪ್ಪು. ಗಂಗೋತ್ರಿ ಲೈಬ್ರರಿಯ ಪುಸ್ತಕವಾದರೂ ಸರಿ, ಮುದ್ರಣದ ವರ್ಷ ನೋಡಿಕೊಂಡೇ ಜೆರಾಕ್ಸ್ ಮಾಡಿಸಿ.

ಇದೇ ಅಮಲಿನಲ್ಲಿ ‘ಈಗ ಶಾಲೆಯಲ್ಲಿ ಪ್ರಾರ್ಥನೆ ಸಕ್ರಮ’ ಎಂದೂ ಬರೆಯಬೇಡಿ. 1962ರ ತೀರ್ಪು ರದ್ದಾಗಿಲ್ಲ. ರಾಜ್ಯಗಳು ಅಂಚು ಎಲ್ಲಿದೆ ಎಂದು ಪರೀಕ್ಷಿಸುತ್ತಿವೆ, ಅಷ್ಟೆ. ತರಗತಿಯಲ್ಲಿ ಬೈಬಲಿನ ದಶಾಜ್ಞೆ ತೂಗುಹಾಕಿಸುವ ಕೆಂಟಕಿಯ ಕಾನೂನನ್ನು 1980ರಲ್ಲೇ ಕೋರ್ಟ್ ಹೊಡೆದುಹಾಕಿತ್ತು. 2024ರಲ್ಲಿ ಲೂಸಿಯಾನಾ ಕನಿಷ್ಠ 11×14 ಅಂಗುಲದ ಪೋಸ್ಟರ್ ಕಡ್ಡಾಯ ಮಾಡಿತು, 2025ರಲ್ಲಿ ಟೆಕ್ಸಸ್ 16×20 ಅಂಗುಲ ಎಂದಿತು. ಎರಡೂ ಕೋರ್ಟ್ ಮೆಟ್ಟಿಲೇರಿದವು. ಇಂಥವನ್ನು ಬರೆಯುವಾಗ ಯಾವ ಕೋರ್ಟ್, ಯಾವ ಹಂತ, ನೀವು ನೋಡಿದ ತಾರೀಖು ಯಾವುದು ಎಂಬ ಮೂರನ್ನೂ ಹಾಕಿ.

ಬಲಗಡೆಯ ಕಾಲಂ

ಇಲ್ಲಿ ಕ್ರೈಸ್ತರು ಎಂದರೆ ಒಂದೇ ಗುಂಪು ಎಂದುಕೊಂಡರೆ ಕೆಟ್ಟಿತು. ಕನಿಷ್ಠ ನಾಲ್ಕು ಗುಂಪು ಬೇರೆ ಮಾಡಿ: ಬಿಳಿಯ ಇವಾಂಜೆಲಿಕಲ್‌ಗಳು, ಮೇನ್‌ಲೈನ್ (ಹಳೆಯ, ಹೆಚ್ಚು ಉದಾರವಾದ ಪಂಗಡಗಳ) ಪ್ರಾಟೆಸ್ಟೆಂಟರು, ಕರಿಯರ ಪ್ರಾಟೆಸ್ಟೆಂಟ್ ಚರ್ಚ್‌ಗಳು, ಕ್ಯಾಥೊಲಿಕರು. ಮೊದಲನೆಯವರೂ ಮೂರನೆಯವರೂ ಬೈಬಲ್ ಓದುವ ರೀತಿಯಲ್ಲಿ ಸಾಕಷ್ಟು ಹತ್ತಿರ, ವೋಟಿನಲ್ಲಿ ಮಾತ್ರ ಪೂರ್ವ ಪಶ್ಚಿಮ. 2024ರಲ್ಲಿ ಮತ ಹಾಕಿದ ಬಿಳಿಯ ಇವಾಂಜೆಲಿಕಲ್‌ಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಟ್ರಂಪ್‌ಗೆ ಕೊಟ್ಟರೆ, ಕರಿಯ ಪ್ರಾಟೆಸ್ಟೆಂಟರಲ್ಲಿ ಅಷ್ಟೇ ಪಾಲು ಕಮಲಾ ಹ್ಯಾರಿಸ್‌ಗೆ ಹೋಯಿತು. ಜನಾಂಗವನ್ನು ಪಕ್ಕಕ್ಕಿಟ್ಟು ಬರೀ ಧರ್ಮದಿಂದ ಮತ ವಿವರಿಸಲು ಹೋದರೆ ಮೊದಲ ಪ್ರಶ್ನೆಗೇ ಕುಸಿಯುತ್ತದೆ.

ಕಾಲಾನುಕ್ರಮಕ್ಕೆ ಮೂರು ಮೊಳೆ ಹೊಡೆದುಕೊಳ್ಳಿ. 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತಿತರ ಪಾದ್ರಿಗಳು ಕಟ್ಟಿದ ಸದರ್ನ್ ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್ ಎಂಬ ನಾಗರಿಕ ಹಕ್ಕು ಸಂಘಟನೆ. 1960ರ ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ಜಾನ್ ಕೆನಡಿ ಮಾಡಿದ ಭಾಷಣ. ಕ್ಯಾಥೊಲಿಕ್ ಆದರೂ ಪೋಪ್ ಮಾತಿನಂತೆ ಆಳುವುದಿಲ್ಲ ಎಂದು ಅವರು ಭರವಸೆ ಕೊಡಬೇಕಾಯಿತು. 1979ರಲ್ಲಿ ಪಾದ್ರಿ ಜೆರ್ರಿ ಫಾಲ್‌ವೆಲ್ ಶುರುಮಾಡಿದ ಮಾರಲ್ ಮೆಜಾರಿಟಿ, ಸಂಪ್ರದಾಯವಾದಿ ಕ್ರೈಸ್ತರ ರಾಜಕೀಯ ಸಂಘಟನೆ. ಇದೇ ಫಾಲ್‌ವೆಲ್ 1965ರಲ್ಲಿ ಪಾದ್ರಿಗಳಿಗೆ ರಾಜಕೀಯ ಏಕೆ ಎಂದು ಪ್ರವಚನ ಮಾಡಿದ್ದರು. ಆಗ ಬೀದಿಯಲ್ಲಿದ್ದವರು ಕಿಂಗ್ ಕಡೆಯವರು!

ಗರ್ಭಪಾತವನ್ನು ಹಕ್ಕು ಎಂದ 1973ರ ರೋ ತೀರ್ಪು ಬಂದ ಕೂಡಲೇ ಇವಾಂಜೆಲಿಕಲ್‌ಗಳು ರಾಜಕೀಯಕ್ಕೆ ಧುಮುಕಿದರು ಎಂಬ ಕಥೆ ಎಲ್ಲ ಕಡೆ ಸಿಗುತ್ತದೆ. ಎಚ್ಚರ. 1971ರಲ್ಲಿ ದೊಡ್ಡ ಇವಾಂಜೆಲಿಕಲ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನೇ ಕೆಲವು ಸಂದರ್ಭಗಳಲ್ಲಿ ಗರ್ಭಪಾತಕ್ಕೆ ಅವಕಾಶವಿರಲಿ ಎಂದು ನಿರ್ಣಯ ಮಾಡಿತ್ತು. ಆರಂಭದಲ್ಲಿ ವಿರೋಧದ ಭಾರ ಹೊತ್ತವರು ಹೆಚ್ಚಾಗಿ ಕ್ಯಾಥೊಲಿಕರು. ವರ್ಣಭೇದ ಮಾಡುವ ಖಾಸಗಿ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿ ಕಸಿದದ್ದೇ ಮೊದಲ ಕಿಡಿ ಎಂದು ಕೆಲವು ಇತಿಹಾಸಕಾರರು ವಾದಿಸುತ್ತಾರೆ, ಬೇರೆಯವರು ಒಪ್ಪುವುದಿಲ್ಲ. ಎರಡೂ ವಾದ ಕೊಟ್ಟು, ವರ್ಣಭೇದಕ್ಕಾಗಿ ವಿನಾಯಿತಿ ಕಳೆದುಕೊಂಡ ಬಾಬ್ ಜೋನ್ಸ್ ವಿಶ್ವವಿದ್ಯಾಲಯದ 1983ರ ತೀರ್ಪನ್ನು ಪುರಾವೆಗೆ ಇಡಿ. 1980ರ ಆಗಸ್ಟ್‌ನಲ್ಲಿ ಡಲ್ಲಾಸ್‌ನಲ್ಲಿ ನೆರೆದಿದ್ದ ಪಾದ್ರಿಗಳಿಗೆ ರೇಗನ್, ನೀವು ನನ್ನನ್ನು ಬೆಂಬಲಿಸುವಂತಿಲ್ಲ ಎಂದು ಬಲ್ಲೆ, ನಾನಂತೂ ನಿಮ್ಮನ್ನು ಬೆಂಬಲಿಸುತ್ತೇನೆ ಎಂಬರ್ಥದ ಮಾತಾಡಿದರು. ಜಾನ್ಸನ್ ತಿದ್ದುಪಡಿ ಗೊತ್ತಿಲ್ಲದಿದ್ದರೆ ಆ ಮಾತಿನ ಚುರುಕು ತಿಳಿಯುವುದೇ ಇಲ್ಲ.

ಅಂಕಿ ಅಂಶಕ್ಕೆ ಪ್ಯೂ ರಿಸರ್ಚ್ ಸೆಂಟರ್‌ನ 2023–24ರ ಸಮೀಕ್ಷೆ ಸಾಕು: ವಯಸ್ಕರಲ್ಲಿ 62% ಕ್ರೈಸ್ತರು, 29% ಯಾವ ಧರ್ಮಕ್ಕೂ ಸೇರದವರು. 2007ರಲ್ಲಿ ಕ್ರೈಸ್ತರು 78%. 2025ರಲ್ಲಿ ಆರಂಭವಾದ 119ನೇ ಕಾಂಗ್ರೆಸ್‌ನ ಸದಸ್ಯರಲ್ಲಿ ಮಾತ್ರ 87% ಕ್ರೈಸ್ತರು. ಜನರಿಗೂ ಪ್ರತಿನಿಧಿಗಳಿಗೂ ನಡುವಿನ ಈ ಅಂತರವನ್ನೇ ಒಂದು ಸ್ಲೈಡ್ ಮಾಡಿ. ಶೇಕಡಾವಾರು ಬರೆಯುವಾಗಲೆಲ್ಲ ‘ಯಾರಲ್ಲಿ’ ಎಂಬ ಪದ ಜೊತೆಗಿರಲಿ. ಹತ್ತಕ್ಕೆ ಎಂಟು ಎಂಬುದು ಮತ ಹಾಕಿದ ಬಿಳಿಯ ಇವಾಂಜೆಲಿಕಲ್‌ಗಳಲ್ಲಿ. ಎಲ್ಲ ಕ್ರೈಸ್ತರಲ್ಲಿ ಅಲ್ಲ. ಆ ಗುಂಪು ಮತದಾರರ ಐದನೇ ಒಂದು ಭಾಗದ ಆಸುಪಾಸು ಎಂದು ಹಿಡಿದರೆ ಅದರಿಂದ ಟ್ರಂಪ್‌ಗೆ ಬಿದ್ದ ವೋಟು ಒಟ್ಟು ಮತದಲ್ಲಿ ನೂರಕ್ಕೆ ಹದಿನಾರರಷ್ಟು. ದೊಡ್ಡದೇ, ಆದರೆ ಎಲ್ಲವೂ ಅಲ್ಲ.

ಇಪ್ಪತ್ತು ನಿಮಿಷ ಮತ್ತು ಆಮೇಲಿನ ಪ್ರಶ್ನೆಗಳು

ಇಪ್ಪತ್ತು ನಿಮಿಷ ಸಿಕ್ಕರೆ ಪ್ರಶ್ನೆ ಮಂಡಿಸಲು ಎರಡು, ಸಂವಿಧಾನಕ್ಕೆ ನಾಲ್ಕು, ತೀರ್ಪುಗಳಿಗೆ ಎಂಟು, ಮತ ಮತ್ತು ಅಂಕಿಗೆ ನಾಲ್ಕು, ನಮ್ಮೂರಿನ ತುಲನೆಗೆ ಎರಡು. ಸ್ಲೈಡ್ ಎಂಟಕ್ಕಿಂತ ಹೆಚ್ಚು ಬೇಡ. ತೀರ್ಪುಗಳ ಪಟ್ಟಿಯನ್ನು ಪರದೆಯಿಂದ ಓದುತ್ತಾ ಹೋದರೆ ಹಿಂದಿನ ಬೆಂಚು ಮಲಗುತ್ತದೆ. ಎಂಗೆಲ್ ಮತ್ತು ಬ್ರೆಮರ್ಟನ್ ಎರಡನ್ನೇ ಬಿಡಿಸಿ ಹೇಳಿ, ಉಳಿದವು ಕಾಗದದಲ್ಲಿರಲಿ.

ಡಾಲರ್ ಮೇಲೆ ದೇವರ ಹೆಸರು ಏಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. 1864ರಲ್ಲಿ, ಅಂತರ್ಯುದ್ಧದ ನಡುವೆ, ಎರಡು ಸೆಂಟಿನ ನಾಣ್ಯದ ಮೇಲೆ ಮೊದಲು ಬಂತು. 1956ರಲ್ಲಿ ರಾಷ್ಟ್ರೀಯ ಧ್ಯೇಯವಾಕ್ಯವಾಯಿತು. ನೋಟಿನ ಮೇಲೆ 1957ರಿಂದ. ಧ್ವಜಪ್ರತಿಜ್ಞೆಗೆ ‘ದೇವರ ಅಡಿಯಲ್ಲಿ’ ಎಂಬುದು ಸೇರಿದ್ದು 1954ರಲ್ಲಿ. ಈ ಕೊನೆಯ ಮೂರು ಸಂಸ್ಥಾಪಕರ ಕಾಲದವಲ್ಲ. ನಾಸ್ತಿಕ ಸೋವಿಯತ್ ಒಕ್ಕೂಟದ ಎದುರು ನಿಂತಿದ್ದ ಶೀತಲ ಸಮರದ ದಿನಗಳವು.

ಬೈಬಲ್ ಮೇಲೆ ಪ್ರಮಾಣ ಕಡ್ಡಾಯವೇ? ಅಲ್ಲ. ‘ದೃಢೀಕರಿಸುತ್ತೇನೆ’ ಎನ್ನುವ ಅವಕಾಶ ಸಂವಿಧಾನದಲ್ಲೇ ಇದೆ. ಅಧ್ಯಕ್ಷರಾಗಿ ಜಾನ್ ಕ್ವಿನ್ಸಿ ಆಡಮ್ಸ್ 1825ರಲ್ಲಿ ಕಾನೂನು ಪುಸ್ತಕದ ಮೇಲೆ ಕೈಯಿಟ್ಟರು. ಕಾಂಗ್ರೆಸ್ ಸದಸ್ಯರಾಗಿ ಕೀತ್ ಎಲಿಸನ್ 2007ರಲ್ಲಿ ಜೆಫರ್ಸನ್ ಸಂಗ್ರಹದ ಕುರಾನ್ ಮೇಲೆ, ತುಳಸಿ ಗಬ್ಬಾರ್ಡ್ 2013ರಲ್ಲಿ ಭಗವದ್ಗೀತೆಯ ಮೇಲೆ ಪ್ರಮಾಣ ಮಾಡಿದರು.

ಗೋಡೆ ಇದ್ದರೆ ಸಂಸತ್ತಿನಲ್ಲಿ ಸಂಬಳದ ಪಾದ್ರಿ ಏಕೆ ಎಂಬುದು ಕಷ್ಟದ ಪ್ರಶ್ನೆ, ಉತ್ತರ ಸಿದ್ಧವಿರಲಿ. 1789ರಿಂದ ಎರಡೂ ಸದನಗಳಿಗೆ ಚಾಪ್ಲಿನ್ ಇದ್ದಾರೆ. 1983ರ ಮಾರ್ಷ್ ವರ್ಸಸ್ ಚೇಂಬರ್ಸ್ ತೀರ್ಪಿನಲ್ಲಿ ಕೋರ್ಟ್ ನೆಬ್ರಾಸ್ಕಾ ಶಾಸನಸಭೆಯ ಇಂಥ ಪದ್ಧತಿಯನ್ನು ಒಪ್ಪಿತು. ಮೊದಲ ತಿದ್ದುಪಡಿ ಬರೆದ ಕಾಂಗ್ರೆಸ್ಸೇ ಚಾಪ್ಲಿನ್ ನೇಮಿಸಿತ್ತು ಎಂಬುದು ಅದರ ತರ್ಕ. 2014ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀಸ್ ಎಂಬ ಊರಿನ ಆಡಳಿತ ಸಭೆಯ ಪ್ರಾರ್ಥನೆಗೂ 5:4ರಲ್ಲಿ ಅದೇ ತರ್ಕ ನಡೆಯಿತು. ವಯಸ್ಕ ಶಾಸಕರ ಸದನ ಬೇರೆ, ಎದ್ದು ಹೋಗಲಾಗದ ಮಕ್ಕಳ ತರಗತಿ ಬೇರೆ ಎಂದು ಸೇರಿಸಿ. ಬೇರೆ ಧರ್ಮದವರಿಗೆ ಅಲ್ಲಿ ಜಾಗವಿದೆಯೇ ಎಂದು ಮುಂದುವರಿಸಿದರೆ 2007ರ ಜುಲೈ 12 ಹೇಳಿ: ಅಂದು ಸೆನೆಟ್‌ನಲ್ಲಿ ರಾಜನ್ ಝೆಡ್ ಮೊದಲ ಹಿಂದೂ ಪ್ರಾರ್ಥನೆ ಮಾಡಿದರು, ಗ್ಯಾಲರಿಯಿಂದ ಕೂಗಿ ಅಡ್ಡಿಪಡಿಸಿದ ಕ್ರೈಸ್ತ ಪ್ರತಿಭಟನಕಾರರನ್ನು ಪೊಲೀಸರು ಹೊರಗೆ ಕರೆದೊಯ್ದರು. ಇದನ್ನು ನೋಟ್‌ಬುಕ್‌ನಲ್ಲಿ ಬರೆಯುವಾಗ ಪ್ರಾರ್ಥನೆ ಎಡಕ್ಕೆ, ಕೂಗಾಟ ಬಲಕ್ಕೆ.